ಬಾಗಿಲಮನೆಯ ನಗು

ನಮ್ಮ ಊರನ್ನು ಕಟ್ಟಿದ ಕೆಂಚನಾಯಕ ಮೊದಲ ಸಲ ಇಲ್ಲಿಗೆ ಬಂದಾಗ ಎಮ್ಮೆಯ ಮೇಲೆ ಹಿಂದುಮುಂದಾಗಿ ಕುಳಿತಿದ್ದ. ಇದು ಊರಿನ ಮೂಡಲ ಬಾಗಿಲ ಪಕ್ಕದ ಶಾಸನದ ಕಲ್ಲಿನ ಮೇಲೆ ಇದೆ, ಆದ್ದರಿಂದ ನಿಜ. ಪ್ರತಿ ವರ್ಷ ಊರು ಹುಟ್ಟಿದ ದಿನ ಪುರಸಭೆಯ ಅಧ್ಯಕ್ಷರು ಎಮ್ಮೆಯ ಬಾಲದ ಕಡೆಗೆ ಮುಖ ಮಾಡಿ ಕುಳಿತು ಮೂಡಲ ಬಾಗಿಲಿನಿಂದ ಒಳಗೆ ಬರುತ್ತಾರೆ. ನಾಯಕರು ನಡೆದು ಬಂದ ದಾರಿಯನ್ನು ಮರೆಯಬಾರದೆಂದು ಹಾಗೆ ಕುಳಿತರು ಎಂದು ಮುಖ್ಯ ಅತಿಥಿಗಳು ಅದರ ಒಳಾರ್ಥವನ್ನು ಬಿಡಿಸಿ ಹೇಳುತ್ತಾರೆ. ಶಾಲೆಯಲ್ಲಿ ಇದು ನಾಲ್ಕು ಅಂಕದ ಪ್ರಶ್ನೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಆದರೂ ಆ ನಾಲ್ಕು ಅಂಕ ನನಗೆ ಪೂರ್ತಿ ಸಿಕ್ಕಿತ್ತು.

ನಡೆದದ್ದು ಇಷ್ಟೇ. ನಮ್ಮಜ್ಜಿ ಹರೆಯದವಳಾಗಿದ್ದಾಗ ಬಾಚಣಿಗೆ ಮಾರುವವನೊಬ್ಬ ಬಂದು ಕಲ್ಲಿನ ಪಕ್ಕದ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಜಗಿಯುತ್ತ, "ನಿಮ್ಮ ನಾಯಕ ಎಮ್ಮೆ ಮೇಲೆ ಹಿಂದುಮುಂದಾಗಿ ಕೂತ್ಕೊಂಡೇ ಬಂದಿರ್ಬೇಕು ಬಿಡ್ರಪ್ಪ, ಹೆಂಡ್ರು ಅಟ್ಟಿಸ್ಕೊಂಡು ಬತ್ತಾವ್ಳಾ ಅಂತ ನೋಡೋಕೆ" ಎಂದ. ಅಂದು ಹಳೆಯ ಅಧ್ಯಕ್ಷರ ತಿಥಿ. ಅಲ್ಲಿದ್ದವರೆಲ್ಲ ಆಗತಾನೇ ವಡೆ ಪಾಯಸ ಉಂಡು ಬಂದು ದುಃಖದಲ್ಲಿದ್ದರು. ಒಬ್ಬರೂ ನಗಲಿಲ್ಲ. ಅವನು ಎಲೆ ಉಗಿದು, ಗಂಟು ಹೊತ್ತುಕೊಂಡು ತನ್ನ ದಾರಿ ಹಿಡಿದ. ಕಲ್ಲು ಬೆವರಿತು. ಒಣಗಿದಾಗ ಸಾಲು ಮೂಡಿತ್ತು. ಹೆಂಡತಿಯ ಮಾತೂ ಮೂಡಿದೆ. ಹಬ್ಬದ ದಿನ ಸರಿಯಾಗಿ ಅದೇ ಸಾಲು ಮುಚ್ಚುವ ಹಾಗೆ ಹಾರ ಹಾಕುತ್ತಾರೆ.

ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಕಲ್ಲಿಗೆ ಕೇಳಿಸುವಂತೆ, ಊರು ಹುಟ್ಟಿದ ಕಾಲದ ಮಾತನ್ನು ಯಾರು ಆಡಿದರೂ ಅಷ್ಟೇ. ಎಲೆ ಉಗಿಯುವುದರೊಳಗೆ ಯಾರಾದರೂ ನಕ್ಕರೆ ಅದು ಬರೀ ಮಾತು. ನಗದಿದ್ದರೆ ಚರಿತ್ರೆ. ಅದೇ ವಿಷಯದ ಹಳೆಯ ಸಾಲು ಏನಾದರೂ ಇದ್ದರೆ ಅದು ಮಾತು ಮುಗಿದಾಗಲೇ ತೇವವಾಗತೊಡಗಿ, ಎಲೆ ಉಗಿದ ಮೇಲೆ ಮಾಸಿ ಹೋಗುತ್ತದೆ, ಅದರಿಂದ ಬಂದ ಹಕ್ಕೂ ಅದರ ಜೊತೆಗೆ. ಎಲೆ ಬಾಯಿಯಲ್ಲಿ ಹಳೇ ಮಾತು ಬೇಡ ಎಂದು ನಮ್ಮೂರ ಮಕ್ಕಳಿಗೆ ಅ ಆ ಇ ಈ ಹೇಳಿಕೊಡುವ ಮೊದಲೇ ಹೇಳಿಕೊಡುತ್ತಾರೆ.

ಇದರಿಂದ ಊರಿನಲ್ಲಿ ನಗುವವರು ಹೆಚ್ಚಿರಬೇಕು ಎಂದು ಹೊರಗಿನವರು ತಿಳಿಯುತ್ತಾರೆ. ಪಾಪ. ಕಲ್ಲಿನ ಮುಂದೆ ನಗುವುದೆಂದರೆ ಯಾರದೋ ಮುತ್ತಾತನ ಮುಖಕ್ಕೆ ನಕ್ಕ ಹಾಗೆ. ಆ ಮುತ್ತಾತನ ಮರಿಮಕ್ಕಳು ಒಬ್ಬರು ನೀರು ಬಿಡುವವರು, ಒಬ್ಬರು ರೇಷನ್ ಅಂಗಡಿಯವರು, ಒಬ್ಬರು ಖಾತೆ ಬದಲಾಯಿಸಿಕೊಡುವವರು. ಆದ್ದರಿಂದ ನಮ್ಮ ಜನ ನಗುವುದನ್ನು ಕಲ್ಲಿನ ಹತ್ತಿರ ಮಾತ್ರವಲ್ಲ, ಊರೊಳಗೇ ಬಿಟ್ಟುಬಿಟ್ಟರು. ತಡೆಯಲಾಗದವರು ಭಾನುವಾರ ಇಟ್ಟಿಗೆ ಗೂಡಿನ ಹಿಂದಕ್ಕೆ ಹೋಗಿ ನಕ್ಕು ಬರುತ್ತಾರೆ. ಕೆಲವರು ಮಕ್ಕಳುಮರಿ ಕಟ್ಟಿಕೊಂಡು ಬುತ್ತಿ ಸಮೇತ ಹೋಗುತ್ತಾರೆ.

ಊರೊಳಗೆ ನಗುತ್ತಿದ್ದವಳು ಒಬ್ಬಳೇ, ನಮ್ಮಜ್ಜಿ ಸಣ್ಣೀರಮ್ಮ. ನಮ್ಮದು ಮೂಡಲ ಬಾಗಿಲಿಗೆ ಅಂಟಿಕೊಂಡ ಎರಡು ಅಂಕಣದ ಮನೆ, ಬಾಗಿಲಮನೆ ಎನ್ನುತ್ತಾರೆ. ಕಿಟಕಿ ತೆರೆದರೆ ಎಂಟು ಹೆಜ್ಜೆ ಆಚೆಗೆ ಕಲ್ಲು. ದಣಿದು ಬಂದ ಕೆಂಚನಾಯಕನಿಗೆ ಬೋರಮ್ಮ ಎಂಬವಳು ಮಜ್ಜಿಗೆ ಕೊಟ್ಟಳು, ನಾಯಕ ಸಂತೋಷಪಟ್ಟು ಅವಳ ವಂಶದವರು ಬಾಗಿಲಮನೆಯಲ್ಲಿ ಬಾಳಲಿ, ಅವರನ್ನು ಯಾರೂ ಎಬ್ಬಿಸಬಾರದು ಎಂದ. ಇದೂ ಕಲ್ಲಿನ ಮೇಲಿದೆ, ಕೆಳಗಿನಿಂದ ಮೂರನೆಯ ಸಾಲು. ಆ ವಂಶ ನಾವು. ದಿನಾ ಬೆಳಗ್ಗೆ ಕಲ್ಲು ತೊಳೆಯುವುದು, ದಾರಿಹೋಕರಿಗೆ ಮಜ್ಜಿಗೆ ಮಾರಿ ಬದುಕುವುದು ನಮ್ಮ ಪಾಲು. ಅಪ್ಪ ಅಮ್ಮ ನಾನು ಸಣ್ಣವಳಿದ್ದಾಗಲೇ ಹೋದರು. ಅವರ ಹೆಸರು ಕಲ್ಲಿನ ಮೇಲಿಲ್ಲ, ಹಾಗಾಗಿ ಅವರ ವಿಷಯ ಊರಿಗೆ ಬೇಕಾಗಿಲ್ಲ.

ಯಾರೂ ಎಬ್ಬಿಸುವಂತಿಲ್ಲವಾದ್ದರಿಂದ ಅಜ್ಜಿಗೆ ಯಾರ ಭಯವೂ ಇರಲಿಲ್ಲ. ಹಂಚಿನ ಮೇಲೆ ಜೋಳ ಸಿಡಿದ ಹಾಗೆ ಅವಳ ನಗು. ಬಾಚಣಿಗೆಯವನು ಬಂದ ದಿನ ಮಾತ್ರ ಅವಳು ಹೆರಿಗೆಗೆಂದು ತವರಿಗೆ ಹೋಗಿದ್ದಳು, ಅದಕ್ಕೇ ಎಮ್ಮೆ ನಮ್ಮ ಪಾಲಿಗೆ ಬಂತು. ಆಮೇಲೆ ಅವಳು ಹನ್ನೊಂದು ಕಥೆಗಳನ್ನು ಈ ಕಿಟಕಿಯಲ್ಲಿ ಕುಳಿತೇ ನಕ್ಕು ಓಡಿಸಿದಳು. ಒಬ್ಬರ ಮುತ್ತಾತ ಹುಲಿಯ ಹಾಲು ಕರೆದದ್ದು, ಇನ್ನೊಬ್ಬರ ಮುತ್ತಜ್ಜಿ ಒಂದೇ ಕೊಡದಲ್ಲಿ ಕೆರೆ ತುಂಬಿಸಿದ್ದು, ಎಲ್ಲ. ನಾನು ಅವಳ ಪಕ್ಕದಲ್ಲಿ ಕುಳಿತು ಕುಟ್ಟಾಣಿಯಲ್ಲಿ ಅವಳಿಗೆ ಎಲೆ ಅಡಿಕೆ ಕುಟ್ಟುತ್ತ, ನಗು ಬಂದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ನನ್ನ ನಗು ಅಲ್ಲಿಯವರೆಗೆ ಯಾರಿಗೂ ಕೇಳಿಸಿರಲಿಲ್ಲ. ನನಗೂ ಅಷ್ಟಾಗಿ ಕೇಳಿಸಿರಲಿಲ್ಲ.

ಹೋದ ವರ್ಷ ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಅಜ್ಜಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು, ಮುಖದ ಎಡಭಾಗ ಹೋದವು. ಮಾತು ಎಳೆದೆಳೆದು ಬರುತ್ತಿತ್ತು, ಆದರೆ ಬರುತ್ತಿತ್ತು. ಬಾರದೆ ಹೋದದ್ದು ನಗು ಒಂದೇ.

ಊರೆಲ್ಲ ಬಂದು ನೋಡಿಕೊಂಡು ಹೋಯಿತು. ಅಧ್ಯಕ್ಷರಾದ ಗುರುಪಾದಪ್ಪನವರು ಬ್ರೆಡ್ಡು, ಆರು ಮೂಸಂಬಿ ಹಿಡಿದುಕೊಂಡು ಬಂದರು. ಅಕ್ಕಿ ಗಿರಣಿಯವರು, ದೊಡ್ಡ ಆಳು, ನಮ್ಮ ಬಾಗಿಲಲ್ಲಿ ಬಗ್ಗಿಯೇ ಬರಬೇಕು. ಅವರು ಮಂಚದ ಪಕ್ಕ ಕುಳಿತು ಅಜ್ಜಿಯ ಆರೋಗ್ಯ ವಿಚಾರಿಸುವುದನ್ನು ಬಿಟ್ಟು ತಮಾಷೆ ಹೇಳತೊಡಗಿದರು.

"ಕೇಳಿಲ್ಲಿ ಸಣ್ಣೀರಜ್ಜಿ. ಈ ಸಲ ಹಬ್ಬದಲ್ಲಿ ನಾನು ಎಮ್ಮೆ ಮೇಲೆ ಕೂತಿದ್ನಲ್ಲ, ರೇಷ್ಮೆ ಶಲ್ಯ ಹೊದ್ಕೊಂಡು? ಎಮ್ಮೆ ಸಗಣಿ ಹಾಕ್ತು. ಹಾಕಿ ಸುಮ್ನಿರ್ಲಿಲ್ಲ ಕಣಜ್ಜಿ, ಬಾಲ ಬೀಸ್ತು. ನನ್ ಮುಖ ಎಲ್ಲಿತ್ತು ಹೇಳು? ಮಂತ್ರಿಗಳು ಒರೆಸ್ಕೊಳ್ಳಕ್ಕೆ ಅವ್ರ ಕರ್ಚೀಫು ಕೊಟ್ರು."

ಮೊದಲಾಗಿದ್ದರೆ ಅಜ್ಜಿ ಮಂಚದಿಂದ ಬೀಳುತ್ತಿದ್ದಳು. ಈಗ ಅವಳ ಬಲಗಣ್ಣಿನಲ್ಲಿ ನೀರು ಮಾತ್ರ ಬಂತು. ಗುರುಪಾದಪ್ಪನವರು ಅವಳ ಬಾಯಿಯನ್ನೇ ನೋಡುತ್ತಿದ್ದರು, ವೈದ್ಯರು ನಾಲಿಗೆ ನೋಡುವ ಹಾಗೆ. ಸಾಕಷ್ಟು ಹೊತ್ತು ಕಾದರು. ಆಮೇಲೆ ತೃಪ್ತಿಯಿಂದ ಒಂದು ಮೂಸಂಬಿ ಸುಲಿದು ತಾವೇ ತಿಂದು, ಎದ್ದರು. ಹೋಗುವಾಗ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದುಕೊಂಡು ಹೋದರು. ಮೂಲೆಯಲ್ಲಿದ್ದ ನನ್ನನ್ನು ಅವರು ಗಮನಿಸಲಿಲ್ಲ. ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ.

"ಅಳಿಯಂಗೆ ಮೊಬೈಲ್ ಅಂಗಡಿ," ಎಂದಳು ಅಜ್ಜಿ ಅವರು ಹೋದ ಮೇಲೆ. "ಜಾಗ ಹುಡುಕ್ತಾವ್ನೆ. ಇನ್ನೊಂದು ತಿಂಗ್ಳಲ್ಲಿ ಕಲ್ ಮುಂದೆ ಕಥೆ ಹೇಳ್ತಾನೆ, ನೋಡ್ತಿರು. ನೀನೇ ನಗ್ಬೇಕು ಗಂಗಿ."

"ನನಗೆ ಬರಲ್ಲ ಅಜ್ಜಿ."

"ಕಲೀ."

ಅವಳು ಕಲಿಸಿದಳು. ಒಂದು ತಿಂಗಳು ನನಗೆ ಮಜ್ಜಿಗೆ ಕಡೆಯುವುದಕ್ಕಿಂತ ನಗುವುದೇ ದೊಡ್ಡ ಕೆಲಸವಾಯಿತು. "ಹೊಟ್ಟೆಯಿಂದ ತೆಗಿ. ನೀನು ಗಂಟಲಿಂದ ತೆಗೀತಿದ್ದೀಯ. ಅದು ನಗು ಅಲ್ಲ, ಬೆಕ್ಕಿನ ಗಂಟ್ಲಲ್ಲಿ ಮೀನಿನ ಮುಳ್ಳು." ಇಟ್ಟಿಗೆ ಗೂಡಿನ ಹಿಂದೆ ಹೋಗಿ ಅಭ್ಯಾಸ ಮಾಡೋಣ ಎಂದರೆ ಅಲ್ಲಿ ಮೂರು ಕುಟುಂಬ ತಮ್ಮ ಸರದಿಗೆ ಕಾಯುತ್ತಿದ್ದವು. ಅವರ ಎದುರು ನಗಲು ನಾಚಿಕೆಯಾಗಿ ವಾಪಸು ಬಂದೆ. ಅವರ ಕಥೆ ಕಲ್ಲಿನ ಮೇಲೆ ನಿಂತರೆ ಮನೆ ಹೋಗುತ್ತದೆ, ಅರ್ಧ ದೇಹದ ಅಜ್ಜಿಯನ್ನು ಎತ್ತಿಕೊಂಡು ಎಲ್ಲಿಗೆ ಹೋಗಲಿ ಎಂದು ಯೋಚಿಸಿದರೆ ಬರುವುದು ನಗುವಲ್ಲ.

ಅಜ್ಜಿ ಹೇಳಿದಂತೆಯೇ ಆಯಿತು. ಬರುವ ಗುರುವಾರ ಮಧ್ಯಾಹ್ನ ಅಧ್ಯಕ್ಷರ ಕಥೆ ಇದೆ ಎಂದು ಆಟೋದಲ್ಲಿ ಮೈಕು ಕಟ್ಟಿ ಸಾರಿದರು. ನಗಬಾರದು ಎಂದು ಸಾರಲಿಲ್ಲ, ಹಾಗೆ ಹೇಳುವುದು ತಪ್ಪಾಗುತ್ತದೆ. ಮುಂದಿನ ವಾರದಿಂದ ಊರಿನ ನಲ್ಲಿಗಳ ರಿಪೇರಿ ಇದೆ, ಯಾವ ಯಾವ ಮನೆ ಎಂದು ಗುರುವಾರ ಸಂಜೆ ತೀರ್ಮಾನವಾಗುತ್ತದೆ ಎಂದಷ್ಟೇ ಸಾರಿದರು.

ಗುರುವಾರ ಇಡೀ ಊರು ಕಲ್ಲಿನ ಸುತ್ತ ಸೇರಿತು. ಎಲ್ಲರ ಮುಖವೂ ತಿಥಿಯ ಮನೆಯಲ್ಲಿ ಊಟಕ್ಕೆ ಕರೆಯುವುದನ್ನು ಕಾಯುವವರ ಹಾಗಿತ್ತು. ಅಧ್ಯಕ್ಷರ ಪಕ್ಕದಲ್ಲಿ ಚನ್ನಕೇಶವ ಮೇಷ್ಟ್ರು ಬಿಳಿ ಜುಬ್ಬ ಹಾಕಿಕೊಂಡು ಕಾಗದ ಹಿಡಿದು ನಿಂತಿದ್ದರು. ಊರಿನ ಚರಿತ್ರೆಗಳನ್ನೆಲ್ಲ ಬರೆದುಕೊಡುವವರು ಅವರೇ. ನನಗೂ ಪಾಠ ಹೇಳಿದವರು. ಅಜ್ಜಿಯ ಮಂಚವನ್ನು ಕಿಟಕಿಗೆ ಎಳೆದಿಟ್ಟು ನಾನು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ.

ಗುರುಪಾದಪ್ಪನವರು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿ ದವಡೆಗೆ ಇಟ್ಟುಕೊಂಡರು. ಆಮೇಲೆ ಹೇಳಿದರು. ಕೆಂಚನಾಯಕ ಬಾಯಾರಿ ಬಂದಾಗ ಬೋರಮ್ಮನ ಗಡಿಗೆಯಲ್ಲಿ ಮಜ್ಜಿಗೆಯೇ ಇರಲಿಲ್ಲ, ಅವಳು ಮುಂದಕ್ಕೆ ಹೋಗಪ್ಪ ಎಂದಳು. ಆಗ ತಮ್ಮ ವಂಶದ ಹಿರಿಯರಾದ ಮಹಾರುದ್ರಪ್ಪನವರು ಬೆಳ್ಳಿ ತಂಬಿಗೆಯ ತುಂಬ ಹಸುವಿನ ಹಾಲು ತಂದು ಕುಡಿಸಿದರು. ನಾಯಕ ಮೆಚ್ಚಿ ಬಾಗಿಲಮನೆಯನ್ನು ಅವರಿಗೆ ಕೊಟ್ಟ. "ಅವತ್ತು ನಮ್ಮ ಹಿರಿಯರು ಹೆಂಗೆ ಮಾಡಿದ್ರೋ, ಅವರ ವಂಶದವರು ವರ್ಷವರ್ಷವೂ ಈ ಬಾಗಿಲಲ್ಲಿ ಹಂಗೇ ಮಾಡ್ಕೊಂಡು ಬರಬೇಕು ಅಂತ ನಾಯಕರ ಅಪ್ಪಣೆ," ಎಂದು ಮುಗಿಸಿದರು. ಈ ಕೊನೆಯ ಸಾಲನ್ನು ಮೇಷ್ಟ್ರು ಚೆಂದಕ್ಕೆಂದು ಸೇರಿಸಿದ್ದಿರಬೇಕು. ಬರೆದು ಅಭ್ಯಾಸವಿದ್ದವರು ಸುಮ್ಮನೆ ಮುಗಿಸುವುದಿಲ್ಲ.

ಯಾರೂ ನಗಲಿಲ್ಲ. ಕೆಳಗಿನಿಂದ ಮೂರನೆಯ ಸಾಲು ತೇವವಾಗತೊಡಗಿತು. ಎಲ್ಲರೂ ನನ್ನ ಕಡೆ ಒಂದು ಸಲ ನೋಡಿ ನೆಲ ನೋಡಿದರು. ನಾನು ಹೊಟ್ಟೆಗೆ ಕೈ ಒತ್ತಿಕೊಂಡೆ. ಬೆಕ್ಕಿನ ಸದ್ದೂ ಬರಲಿಲ್ಲ.

ಕಥೆ ಮುಗಿದ ಮೇಲೆ, ಎಲೆ ಉಗಿಯುವ ಮುಂಚೆ, ಸೇರಿಕೆ ಎಂದು ಒಂದು ಪದ್ಧತಿ ಇದೆ. ಅಭಿಮಾನಿಗಳು ಒಂದೊಂದು ಮಾತು ಕೂಡಿಸುತ್ತಾರೆ, ಅದೂ ಕಥೆಯ ಜೊತೆಗೇ ಮೂಡುತ್ತದೆ. ಹಸು ಕಪಿಲೆ ಬಣ್ಣದ್ದು ಎಂದು ರೇಷನ್ ಅಂಗಡಿಯವರು ಕೂಡಿಸಿದರು. ಹಾಲು ಕರೆಯುವಾಗ ಆಕಾಶದಿಂದ ಹೂವು ಬಿತ್ತು ಎಂದು ನೀರು ಬಿಡುವವರು ಕೂಡಿಸಿದರು. ಗುರುಪಾದಪ್ಪನವರು ಜಗಿಯುತ್ತ ಎಲ್ಲದಕ್ಕೂ ತಲೆಯಾಡಿಸಿದರು.

"ಇನ್ಯಾರಾದ್ರೂ?" ಎಂದರು ಮೇಷ್ಟ್ರು.

ನಾನು ಏನೋ ಅಂದೆ. ಏಕೆ ಅಂದೆನೋ ತಿಳಿಯದು.

"ಯಾರದು? ಗಂಗಿನಾ? ಸ್ಕೂಲಲ್ಲೂ ಹಿಂಗೇ ಪಿಸುಗುಡ್ತಿದ್ದೆ. ಜೋರಾಗಿ ಹೇಳಮ್ಮ."

"ತಂಬಿಗೆ," ಎಂದೆ. "ತಂಬಿಗೆ ಮರೆತು ಬಂದಿದ್ರಂತೆ ಸಾರ್. ಯಜಮಾನ್ರ ಹಿರಿಯರು. ನಾಯಕರಿಗೆ ಬಾಯಾರಿದೆ ಅಂತ ಅಷ್ಟು ಆತುರ. ಅದಕ್ಕೇ ಕಾಲಲ್ಲಿದ್ದ ಎಕ್ಕಡ ಬಿಚ್ಚಿ, ಅದರಲ್ಲೇ ಹಾಲು ಹಿಡಿದು ತಂದು ನಾಯಕರಿಗೆ ಕೊಟ್ಟು, ತಾವೂ ಅದರಲ್ಲೇ ಕುಡಿದ್ರಂತೆ. ಅಷ್ಟು ಭಕ್ತಿ."

ನನ್ನ ಮುಖ ಯಾವಾಗಲೂ ಇರುವ ಹಾಗೇ ಇತ್ತು. ಅದರಲ್ಲಿ ಭಯ ಬಿಟ್ಟು ಬೇರೆ ಏನೂ ಇರಲಿಲ್ಲ, ಭಯವೂ ಭಕ್ತಿಯೂ ನೋಡಲು ಒಂದೇ ಥರ. ಜನರೆಲ್ಲ ನೆಲ ನೋಡುತ್ತಿದ್ದರು. ಒಬ್ಬ ಮುದುಕನ ಭುಜ ಅಲುಗಿತು, ಅವನ ಮಗ ಭುಜ ಹಿಡಿದು ಅದುಮಿದ. ನಲ್ಲಿಯ ಚಿಂತೆ ಎಲ್ಲರಿಗೂ ಇರುತ್ತದೆ.

ಗುರುಪಾದಪ್ಪನವರು ಜಗಿಯುವುದನ್ನು ನಿಲ್ಲಿಸಿದರು. ಕೊನೆಯ ಸಾಲು ನೆನಪಾಗಿರಬೇಕು. ಹಿರಿಯರು ಹೆಂಗೆ ಮಾಡಿದ್ರೋ ಹಂಗೇ, ವರ್ಷವರ್ಷವೂ, ಇದೇ ಬಾಗಿಲಲ್ಲಿ. ಮತ್ತೆ ಜಗಿಯತೊಡಗಿದರು. ಉಗಿದರೆ ಎಕ್ಕಡವೂ ಕಲ್ಲಿನ ಮೇಲೆ ಮೂಡುತ್ತದೆ, ಆದ್ದರಿಂದ ಉಗಿಯುವಂತಿಲ್ಲ. ಜಗಿದರು. ಕೆನ್ನೆ ಉಬ್ಬಿತು. ಯಾರಾದರೂ ನಗಲಿ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು, ರೇಷನ್ ಅಂಗಡಿಯವರಿಗೆ ಹುಬ್ಬು ಹಾರಿಸಿದರು. ಅವರು ಅದನ್ನು ಎಚ್ಚರಿಕೆ ಎಂದು ತಿಳಿದು ಇನ್ನಷ್ಟು ಗಂಭೀರವಾದರು. ಮೇಷ್ಟ್ರ ಪಕ್ಕೆಗೆ ಮೊಣಕೈಯಲ್ಲಿ ತಿವಿದರು. ಮೇಷ್ಟ್ರು ಅದನ್ನು ಕಾಗದದಲ್ಲಿ ಬರೆದುಕೊಳ್ಳಲು ಹೇಳುತ್ತಿದ್ದಾರೆಂದುಕೊಂಡು, "ಎಕ್ಕಡ," ಎಂದು ಬರೆದುಕೊಂಡು, "ಬಲಗಾಲಿಂದೋ ಎಡಗಾಲಿಂದೋ ಅಮ್ಮ?" ಎಂದು ಕೇಳಿದರು.

"ಎರಡೂದೂ ಸಾರ್. ಬಲಗಾಲಿಂದು ನಾಯಕರಿಗೆ. ಎಡಗಾಲಿಂದು ಎಮ್ಮೆಗೆ." ಒಂದು ಸಲ ಬಾಯಿ ತೆರೆದ ಮೇಲೆ ನಿಲ್ಲಿಸುವುದು ನನಗೆ ಗೊತ್ತಿರಲಿಲ್ಲ. "ನಾಯಕರಿಗೆ ಕೂರಕ್ಕೆ ಜಾಗ ಇರ್ಲಿಲ್ಲ. ಅದಕ್ಕೆ ಯಜಮಾನ್ರ ಹಿರಿಯರು ಮಂಡಿ ಊರಿ ಬಗ್ಗಿ ನಿಂತ್ರಂತೆ. ಬೆನ್ನ ಮೇಲೆ ಹಿಂದುಮುಂದಾಗಿ ಕೂತ್ಕೊಂಡ್ರಂತೆ ನಾಯಕರು. ಅಭ್ಯಾಸ."

ಆಗ ಕಲ್ಲಿನ ಎದುರು ನಲವತ್ತು ವರ್ಷದಲ್ಲಿ ಅಜ್ಜಿಯಲ್ಲದೆ ಬೇರೆ ಯಾರೂ ಮಾಡದ ಕೆಲಸವನ್ನು ಅಧ್ಯಕ್ಷರು ಮಾಡಿದರು. ನಕ್ಕರು. ಅದನ್ನು ನಗು ಎನ್ನಬಹುದೋ ಇಲ್ಲವೋ, ಬಾಯಿ ತುಂಬ ರಸ ಇಟ್ಟುಕೊಂಡವರು ಎಷ್ಟು ನಗಲು ಸಾಧ್ಯವೋ ಅಷ್ಟು ನಕ್ಕರು. ನಗುವೂ ಎಲೆಯೂ ಒಟ್ಟಿಗೆ ಹೊರಬಿದ್ದವು. ಅರ್ಧ ಮೇಷ್ಟ್ರ ಜುಬ್ಬದ ಮೇಲೆ, ಅರ್ಧ ಚರಿತ್ರೆಯ ಕಾಗದದ ಮೇಲೆ.

ಎಲ್ಲರೂ ಕಲ್ಲಿನ ಕಡೆ ನೋಡಿದರು. ನಾನೂ ನೋಡಿದೆ. ಇನ್ನಷ್ಟು ಬೆವರಬಹುದು ಎಂದು ಕಾದೆವು. ಇದ್ದ ತೇವವೂ ಆರಿಹೋಯಿತು. ನಗುವೇ ಒಂದು ಕೂದಲೆಳೆ ಮುಂದೆ ಬಂದಿರಬೇಕು. ಅಧ್ಯಕ್ಷರೇ ನಕ್ಕ ಮೇಲೆ ನಗುವುದು ಶಿಸ್ತು ಎಂದು ಊರಿಗೆ ಹೊಳೆಯಿತು. ರೇಷನ್ ಅಂಗಡಿಯವರು ಮೊದಲು ನಕ್ಕರು, ಆಮೇಲೆ ನೀರು ಬಿಡುವವರು, ಆಮೇಲೆ ಪದವಿಯ ಅನುಕ್ರಮದಲ್ಲಿ ಎಲ್ಲರೂ. ಆ ಮುದುಕ ಮಾತ್ರ ಅಪ್ಪಣೆಗೆ ಕಾಯದೆ ಕಟ್ಟೆ ಹಿಡಿದುಕೊಂಡು ಕುಸಿದುಬಿಟ್ಟ.

"ಹುಡ್ಗಿ ತಮಾಷೆ ಮಾಡ್ತು," ಎಂದು ಗುರುಪಾದಪ್ಪನವರು ಶಲ್ಯದಲ್ಲಿ ಬಾಯಿ ಒರೆಸಿಕೊಂಡರು. ನನ್ನನ್ನು ಆ ದಿನ ಮೊದಲ ಬಾರಿಗೆ ಸರಿಯಾಗಿ ನೋಡಿದರು. "ಏನಮ್ಮಿ, ಮೂಕಿ ಅಂದ್ಕೊಂಡಿದ್ದೆ ನಿನ್ನ." ಗಿರಣಿಯ ಕೆಲಸವಿದೆ ಎಂದು ಹೊರಟುಹೋದರು. ಜನ ಚದುರಿದರು. ಮೇಷ್ಟ್ರು ಬೀದಿ ನಲ್ಲಿಯ ಹತ್ತಿರ ನಿಂತು ಜುಬ್ಬ ತಿಕ್ಕತೊಡಗಿದರು.

ನಾನು ಒಳಗೆ ಬಂದಾಗ ಅಜ್ಜಿ ಕಿಟಕಿಯ ಕಡೆಗೇ ತಿರುಗಿ ಮಲಗಿದ್ದಳು.

"ಮನೆ ಉಳೀತು ಅಜ್ಜಿ," ಎಂದೆ.

"ಎಲೆ ಕುಟ್ಕೊಡು," ಎಂದಳು.

ಕುಟ್ಟಿಕೊಟ್ಟೆ. ಅವಳು ಬಲ ದವಡೆಯಲ್ಲಿ ಇಟ್ಟುಕೊಂಡು ಸಾವಕಾಶವಾಗಿ ಜಗಿದಳು. "ಎಕ್ಕಡ ಎಲ್ಲಿಂದ ತಂದೆ?"

"ಹೊಳೀತು."

"ಹೂಂ. ನಮ್ಮತ್ತೆನೂ ಹಂಗೇ. ಅವಳಿಗೂ ಹಂಗೇ ಹೊಳೀತು." ಎಳೆದೆಳೆದು, ಆದರೆ ಎಂದಿಗಿಂತ ಜೋರಾಗಿ ಹೇಳತೊಡಗಿದಳು. "ಬೋರಮ್ಮ ಅನ್ನೋಳು ಯಾರೂ ಇರ್ಲಿಲ್ಲ ಗಂಗಿ. ನಾಯಕ ಬಂದಾಗ ಇಲ್ಲಿ ಮನೆನೂ ಇರ್ಲಿಲ್ಲ, ಮಜ್ಜಿಗೆನೂ ಇರ್ಲಿಲ್ಲ. ಬಾಗ್ಲಲ್ಲಿ ಕತ್ತೆ ಕಟ್ತಿದ್ರು. ನಮ್ಮತ್ತೆಗೆ ಇರಕ್ಕೆ ಜಾಗ ಇರ್ಲಿಲ್ಲ. ಊರೆಲ್ಲ ಜ್ವರ ಬಂದು ಮಲ್ಗಿದ್ದಾಗ ಕಲ್ ಮುಂದೆ ಕೂತ್ಕೊಂಡು ಕಥೆ ಹೇಳಿದ್ಲು. ಕೇಳ್ದೋರು ಇಬ್ರು. ಒಬ್ಬ ಕಿವುಡ. ಇನ್ನೊಬ್ಬ ನಮ್ಮಾವ. ಯಾರೂ ನಗ್ಲಿಲ್ಲ."

ನಾನು ಕಿಟಕಿಯ ಹೊರಗೆ ನೋಡಿದೆ. ಕಲ್ಲು ಬೆವರುತ್ತಿತ್ತು.

ಕಿಟಕಿ ತೆರೆದೇ ಇತ್ತು. ಕೆಳಗಿನಿಂದ ಮೂರನೆಯ ಸಾಲಿನ ಮೇಲೆ, ಬೋರಮ್ಮನ ಹೆಸರು ಇರುವಲ್ಲೇ, ತೇವ ಮೂಡಿ ಹರಡುತ್ತಿತ್ತು. ನಾನು ತಿರುಗಿದೆ. ಅಜ್ಜಿ ಬಲಗೈ ಚಾಚಿ ಮಂಚದ ಕೆಳಗಿನ ಉಗುಳುವ ಡಬ್ಬಕ್ಕೆ ತಡಕುತ್ತಿದ್ದಳು. ಅದನ್ನು ದಿನಾ ನಾನೇ ಎತ್ತಿ ಅವಳ ಬಾಯಿಗೆ ಹಿಡಿಯುವುದು. ಹಿಡಿಯದಿದ್ದರೆ ಅವಳು ಸೀರೆಯ ಮೇಲೇ ಉಗಿಯುತ್ತಾಳೆ, ಉಗಿದದ್ದು ಉಗಿದದ್ದೇ.

"ಅಜ್ಜಿ, ತಡಿ."

ಅವಳು ಕೆನ್ನೆ ಉಬ್ಬಿಸಿಕೊಂಡು ನನ್ನನ್ನೇ ನೋಡಿದಳು. ಸತ್ತ ಎಡಭಾಗದಲ್ಲಿ ಏನೂ ಇರಲಿಲ್ಲ. ಬಲಗಣ್ಣು ಮಾತ್ರ, ಹನ್ನೊಂದು ಮುತ್ತಾತಂದಿರನ್ನು ಓಡಿಸಿದ ಆ ಕಣ್ಣು, ಎಮ್ಮೆಯ ಸಗಣಿ ಕೇಳಿದಾಗ ಇದ್ದ ಹಾಗೇ ನೀರು ತುಂಬಿಕೊಂಡು ಹೊಳೆಯುತ್ತಿತ್ತು. ಮುದುಕಿ ಬೇಕೆಂದೇ ಮಾಡುತ್ತಿದ್ದಾಳೆ ಎಂದು ನನಗೆ ಆಗ ತಿಳಿಯಿತು. ಎದೆಯ ಕೆಳಗೆ ಎಲ್ಲೋ ಏನೋ ಸಡಿಲವಾಯಿತು. ಕಿವುಡ, ಕತ್ತೆ, ಜ್ವರ, ಎರಡೂ ಕಾಲಿನ ಎಕ್ಕಡ, ಎಡಗಾಲಿನದು ಎಮ್ಮೆಗೆ.

ನಕ್ಕೆ. ಹೊಟ್ಟೆಯಿಂದಲೇ ಬಂತು. ಗೋಡೆಗೆ ಬಡಿದು ಕಿಟಕಿಯಿಂದ ಹೊರಗೆ ಹೋಯಿತು. ನಿಲ್ಲಿಸಲು ಸೆರಗು ಹುಡುಕಿದೆ, ಸಿಗಲಿಲ್ಲ, ಕುಟ್ಟಾಣಿ ಉರುಳಿ ಹೋಯಿತು. ಆಚೆ ಕಲ್ಲಿನ ಮೇಲಿನ ತೇವ ಅಂಚಿನಿಂದ ಒಣಗುತ್ತ ಒಣಗುತ್ತ ಇಷ್ಟಿಷ್ಟೇ ಆಗಿ ಹೋಯಿತು. ಬೋರಮ್ಮ ಮಜ್ಜಿಗೆಯ ಗಡಿಗೆಯ ಸಮೇತ ಇದ್ದಲ್ಲೇ ಇದ್ದಳು. ನಾನು ಕಣ್ಣೊರೆಸಿಕೊಂಡು ಡಬ್ಬ ಹಿಡಿದೆ. ಅಜ್ಜಿ ಉಗಿದಳು.

ಕಿಟಕಿಯಲ್ಲಿ ಚನ್ನಕೇಶವ ಮೇಷ್ಟ್ರ ಮುಖ ಕಾಣಿಸಿತು. ಒದ್ದೆ ಜುಬ್ಬ ಎದೆಗೆ ಅಂಟಿಕೊಂಡಿತ್ತು, ಕೆಂಪು ಹೋಗಿರಲಿಲ್ಲ.

"ಏನಮ್ಮ ಗಂಗಿ, ಊರಿಗೇ ಕೇಳೋ ಹಂಗೆ ನಗ್ತಿದ್ದೀಯ?"

"ಏನಿಲ್ಲ ಸಾರ್," ಎಂದೆ. "ಅಜ್ಜಿ ಒಂದು ಸುಳ್ಳು ಹೇಳಿದ್ಲು."